ವಿಧಿಯ ತಲೆಗೆ ಕಟ್ಟಬೇಡಿ

ಸಾವಿನ ಮನೆಯಲ್ಲಿ ಆಡುವ ಮಾತುಗಳು ಎಲ್ಲ ಊರಿನಲ್ಲೂ ಹೆಚ್ಚುಕಡಿಮೆ ಒಂದೇ. "ಅವನ ಋಣ ತೀರಿತು", "ಹಣೇಲಿ ಬರೆದದ್ದನ್ನ ಯಾರು ಅಳಿಸೋಕಾಗುತ್ತೆ", "ಯಮ ಲಾರಿ ರೂಪದಲ್ಲಿ ಬಂದ". ಮುಪ್ಪಿನಿಂದಲೋ ಕಾಯಿಲೆಯಿಂದಲೋ ಹೋದವರ ಮನೆಯಲ್ಲಿ ಈ ಮಾತುಗಳಿಗೆ ಅರ್ಥವಿದೆ. ಅಳುತ್ತ ಕೂತವರಿಗೆ ಒಂದು ಆಸರೆ ಬೇಕು, ಅದನ್ನು ನಾನು ಹಳಿಯುವುದಿಲ್ಲ. ಆದರೆ ಗಂಟಲ ಮಟ್ಟ ಕುಡಿದು, ನೆಟ್ಟಗೆ ನಿಲ್ಲಲಾರದೆ, ನಾಲ್ಕು ಜನ ಹಿಡಿದು ಬೈಕಿನ ಮೇಲೆ ಕೂರಿಸಿದ ಗಂಡಸು ಎರಡು ಮೈಲಿ ಹೋಗಿ ಸತ್ತಾಗಲೂ, ಅಥವಾ ತಾನು ಉಳಿದು ಇನ್ನೊಬ್ಬರನ್ನು ಸಾಯಿಸಿದಾಗಲೂ ಅದೇ ಮಾತನ್ನು ಆಡುತ್ತಾರಲ್ಲ, ಆಗ ನನಗೆ ಮೈ ಉರಿಯುತ್ತದೆ. ಬ್ರಹ್ಮ ಹಣೆಯಲ್ಲಿ ಏನು ಬರೆದಿದ್ದನೋ ನಾನು ಕಂಡಿಲ್ಲ. ಬಾರಿನವನು ಬಿಲ್ಲಿನಲ್ಲಿ ಬರೆದದ್ದು ಮಾತ್ರ ಅಲ್ಲಿ ಕೂತ ಅರ್ಧ ಜನಕ್ಕೆ ಗೊತ್ತಿರುತ್ತದೆ.

ನಮ್ಮದು ಬೆಂಗಳೂರು–ಮಂಗಳೂರು ಹೆದ್ದಾರಿಯ ಪಕ್ಕದ ತಾಲ್ಲೂಕು ಊರು. ಈ ಕಡೆಯ ಬೀಗರೂಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಛತ್ರದಲ್ಲಿ ಹೋಳಿಗೆ ಪಾಯಸದ ಮದುವೆ ಊಟ ಮುಗಿದು ಎರಡು ಮೂರು ದಿನವಾದ ಮೇಲೆ ಬೀಗರನ್ನು ಕರೆದು ಹಾಕುವ ಬಾಡೂಟ ಅದು. ತೋಟದಲ್ಲೋ ಮನೆಯ ಮುಂದೋ ಶಾಮಿಯಾನ ಏಳುತ್ತದೆ. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಪಂಕ್ತಿಯ ಮೇಲೆ ಪಂಕ್ತಿ. ಬಾಡೂಟದ ಮೇಲೆ ನನಗೇನೂ ಮುನಿಸಿಲ್ಲ. ನನ್ನ ತಕರಾರು ಶಾಮಿಯಾನದ ಹಿಂದೆ ನಡೆಯುವ ಇನ್ನೊಂದು ಪಂಕ್ತಿಯದು. ಅಲ್ಲಿ ತೊಂಬತ್ತು ಎಂ.ಎಲ್.ನ ರಟ್ಟಿನ ಪೊಟ್ಟಣಗಳ ಪೆಟ್ಟಿಗೆಗಳು ಬೆಳಿಗ್ಗೆಯೇ ಇಳಿದಿರುತ್ತವೆ. ಒಂದು ಕಾಲಕ್ಕೆ ಹಿರಿಯರ ಕಣ್ಣು ತಪ್ಪಿಸಿ ನಡೆಯುತ್ತಿದ್ದುದು ಈಗ ಮರ್ಯಾದೆಯ ಪ್ರಶ್ನೆಯಾಗಿದೆ. ಗುಂಡು ಇಲ್ಲದ ಬೀಗರೂಟವೂ ಒಂದು ಬೀಗರೂಟವೇ ಎನ್ನಿಸಿಕೊಳ್ಳಬಾರದೆಂದು ಸಾಲ ಮಾಡಿ ತರಿಸುವವರಿದ್ದಾರೆ. ಖರ್ಚಿನ ಪಟ್ಟಿಯಲ್ಲಿ ಹೂವಿನವನ ಕೆಳಗೆ, ವಾಲಗದವರ ಮೇಲೆ ಅದಕ್ಕೂ ಒಂದು ಸಾಲು. ಯುಗಾದಿಯ ಮಾರನೆಯ ದಿನದ ಹೊಸತೊಡಕಿನ ಕತೆಯೂ ಇದೇ.

ಹೆಂಗಸರು ಎಲೆ ಅಡಿಕೆ ಹಾಕಿಕೊಂಡು ಹೊರಡುವ ಹೊತ್ತಿಗೆ ಗಂಡಸರು ಬೈಕುಗಳ ಸಾಲಿನತ್ತ ಬರುತ್ತಾರೆ. ಎಷ್ಟು ಒಳಗೆ ಹೋಗಿದೆ ಎಂಬುದು ಹೆಂಡತಿಗೆ ಅವನ ಮೊದಲ ಮಾತಿನಲ್ಲೇ ತಿಳಿಯುತ್ತದೆ. ಆದರೂ ಸೆರಗು ಸುತ್ತಿಕೊಂಡು, ಕೂಸನ್ನು ಅವುಚಿಕೊಂಡು ಹಿಂದೆ ಕೂರುತ್ತಾಳೆ. 2023ರ ಜೂನ್‌ನಿಂದ ನಮಗೆ ಸರ್ಕಾರಿ ಬಸ್ಸು ಪುಕ್ಕಟೆ, ನಿಜ. ಬೀಗರೂಟ ಮುಗಿಯುವ ಹೊತ್ತಿಗೆ ಹಳ್ಳಿಯ ಕೊನೆಯ ಬಸ್ಸು ಹೋಗಿರುತ್ತದೆ. ಹೋಗಿರದಿದ್ದರೂ, ಗಂಡ ಬೈಕಿನಲ್ಲಿ ಹೋಗುವಾಗ ಹೆಂಡತಿ ಬಸ್ಸು ಹತ್ತಿದಳೆಂದರೆ ಆ ಸುದ್ದಿ ಅವಳಿಗಿಂತ ಮೊದಲೇ ಊರು ಮುಟ್ಟುತ್ತದೆ!

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹಾಗೆ ಕೂತವಳು. ಹೆಸರು ಬೇಡ. ಹತ್ತನೆಯ ತರಗತಿಯಲ್ಲಿ ಪ್ರಬಂಧ ಬರೆಯಲು ಕೊಟ್ಟರೆ ಹಾಳೆ ಸಾಲದೆ ಇನ್ನೊಂದು ಕೇಳುತ್ತಿದ್ದ ಹುಡುಗಿ. ಗಂಡ ಕೆಟ್ಟವನಲ್ಲ. ಪೈಪು, ಮೋಟಾರು ಮಾರುವ ಸಣ್ಣ ಅಂಗಡಿ ಇಟ್ಟು ನಾಲ್ಕು ಕಾಸು ಮಾಡಿದ್ದ. ದಿನಾ ಕುಡಿಯುವವನೂ ಅಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಕುಡಿದು ಗಾಡಿ ಓಡಿಸುವವನೆಂದರೆ ಚರಂಡಿಯಲ್ಲಿ ಬೀಳುವ ಕುಡುಕ ಎಂದೇ ನಾವೆಲ್ಲ ಭಾವಿಸಿದ್ದೇವೆ. ಚರಂಡಿಯಲ್ಲಿ ಬಿದ್ದವನಿಗೆ ಬೈಕು ಎಲ್ಲಿಂದ ಬರಬೇಕು? ರಸ್ತೆಯಲ್ಲಿ ಜನರನ್ನು ಕೊಲ್ಲುವವರು ಹೆಚ್ಚಾಗಿ ಇಸ್ತ್ರಿ ಅಂಗಿ ತೊಟ್ಟ, ಮಕ್ಕಳ ಫೀಸು ಸರಿಯಾಗಿ ಕಟ್ಟುವ, ನಾಲ್ಕು ಜನ ಗೌರವ ಕೊಡುವ ಗಂಡಸರೇ.

ಅವನ ಚಿಕ್ಕಪ್ಪನ ಮಗನ ಬೀಗರೂಟ. ಸಂಜೆ ಐದೂವರೆಗೆ ಹೊರಟರು. ಮುಂದೆ ಟ್ಯಾಂಕಿನ ಮೇಲೆ ನಾಲ್ಕು ವರ್ಷದ ಮಗ, ಹಿಂದೆ ಇವಳು. ಕೆರೆ ಏರಿಯ ತಿರುವಿನಲ್ಲಿ ಗಾಡಿ ರಸ್ತೆ ಬಿಟ್ಟು ಇಳಿಯಿತು. ಡೈರಿಗೆ ಹಾಲು ಹಾಕಲು ಕ್ಯಾನು ಹಿಡಿದು ಹೋಗುತ್ತಿದ್ದ ವಯಸ್ಸಾದ ಹೆಂಗಸಿಗೆ ಬಡಿಯಿತು. ಆಕೆ ಅಲ್ಲೇ ತೀರಿಕೊಂಡಳು. ಇವನು ಆಸ್ಪತ್ರೆಯಲ್ಲಿ ಮೂರನೆಯ ದಿನ. ಇವಳ ಸೊಂಟದ ಮೂಳೆ ಮುರಿಯಿತು. ಮಗುವಿಗೆ ತರಚಿದ ಗಾಯ ಮಾತ್ರ, ಆದರೆ ಇಂದಿಗೂ ಬೈಕು ಹತ್ತು ಎಂದರೆ ಮಂಚದ ಕೆಳಗೆ ನುಗ್ಗುತ್ತಾನೆ.

ನಾನು ನೋಡಲು ಹೋದಾಗ ಪಡಸಾಲೆಯಲ್ಲಿ ಹೆಂಗಸರ ಮಾತು ನಡೆದಿತ್ತು. ಒಬ್ಬಾಕೆ "ಎಲ್ಲಾ ಇವಳ ಕಾಲ್ಗುಣ" ಎಂದಳು. ಇನ್ನೊಬ್ಬಾಕೆ "ಇವಳಾದ್ರೂ ತಡೀಬಾರದಿತ್ತಾ" ಎಂದಳು. ಎರಡನ್ನೂ ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಅಂದರು. ವಿಧಿಯೇ ಮಾಡಿದ್ದಾದರೆ ಇವಳು ತಡೆಯುವುದೆಲ್ಲಿ ಬಂತು? ಗಂಡಸಿನ ಪಾಲಿಗೆ ವಿಧಿ, ಹೆಂಡತಿಯ ಪಾಲಿಗೆ ತಪ್ಪು. ಒಂದೇ ಬಾಯಲ್ಲಿ ಎರಡು ನಾಲಿಗೆ.

"ಮಿಸ್, ನಾನು ನಾಳೆ ಬೆಳಿಗ್ಗೆ ಹೋಗಣ ಅಂದೆ. ಬೀಗರ ಎದುರಿಗೆ ನನ್ನ ಮಾನ ಕಳೀತೀಯಾ ಅಂದ್ರು. ನಮ್ಮತ್ತೆ, ಸುಮ್ನೆ ಕೂತ್ಕೊಳಮ್ಮ, ಅವನಿಗೆ ಅಭ್ಯಾಸ ಇದೆ ಅಂದ್ರು. ಕೂತ್ಕೊಂಡೆ" ಎಂದಳು.

ಮುಂದಿನದು ದುಡ್ಡಿನ ಕತೆ. ಆಸ್ಪತ್ರೆಗೆ ಸೇರಿಸಿದ ರಾತ್ರಿ ಅವಳ ಮೈದುನ ವೈದ್ಯರ ಕಾಲು ಹಿಡಿಯುವುದೊಂದು ಬಾಕಿ, "ಬಾಯಲ್ಲಿ ವಾಸನೆ ಇತ್ತು ಅಂತ ಮಾತ್ರ ಬರೀಬೇಡಿ ಸಾರ್" ಎಂದು. ಅವರು ಬರೆದರು. ಕುಡಿದು ಓಡಿಸಿದ್ದರೆ ವಾಹನದ ಮಾಲೀಕನ ವೈಯಕ್ತಿಕ ಅಪಘಾತ ವಿಮೆ ಸಿಗುವುದಿಲ್ಲ, ಗಾಡಿಯ ನಷ್ಟವೂ ಸಿಗುವುದಿಲ್ಲ. ಜೀವವಿಮೆಯಲ್ಲೂ ಮೂಲ ಮೊತ್ತ ಬಂದರೂ ಅಪಘಾತಕ್ಕೆಂದು ಮೇಲೆ ಕೊಡುವ ಹಣ ಬರುವುದಿಲ್ಲ. ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ಇದೆಲ್ಲ ಇರುತ್ತದೆ. ಗಂಡಂದಿರು ಓದುವುದಿಲ್ಲ, ನಮ್ಮ ಕೈಗೆ ಕೊಡುವುದೂ ಇಲ್ಲ. ಇನ್ನು ಸತ್ತ ಹೆಂಗಸಿನ ಮಕ್ಕಳು ಪರಿಹಾರಕ್ಕೆ ಹೋದರು. ಹೋಗಲೇಬೇಕು, ಅದು ಅವರ ಹಕ್ಕು. ಇಂಥ ಪ್ರಕರಣಗಳಲ್ಲಿ ವಿಮಾ ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಹೇಳಿದ್ದುಂಟು. ಮಾಲೀಕ ಸತ್ತಿದ್ದರೆ ಅವನು ಬಿಟ್ಟುಹೋದ ಆಸ್ತಿಯಿಂದ. ಹೀಗೆ ಆ ಪೈಪಿನ ಅಂಗಡಿ ಹೋಯಿತು.

ಹಾಲಿನವರ ಮನೆಗೂ ನಾನು ಹೋಗಿದ್ದೆ. ಆ ಮನೆಯ ಸೊಸೆ ಕೊಟ್ಟಿಗೆಯಲ್ಲಿದ್ದಳು. ನನ್ನ ಜೊತೆ ಬಂದಿದ್ದ ನೆರೆಯಾಕೆ ಅಭ್ಯಾಸಬಲದಿಂದ "ಎಲ್ಲ ಹಣೆಬರಹ ಕಣವ್ವ" ಎಂದುಬಿಟ್ಟರು. ಆ ಹುಡುಗಿ ಹಸುವಿನ ಮೈಮೇಲಿಂದ ಕೈ ತೆಗೆಯದೆ, "ನಮ್ಮತ್ತೆ ಹಣೇಲಿ ಅಂಥದೇನೂ ಬರ್ದಿರ್ಲಿಲ್ಲ ಕಣಮ್ಮ. ಅವರು ದಿನಾ ಟಾರು ಬಿಟ್ಟು ಮಣ್ಣಲ್ಲೇ ಹೋಯ್ತಿದ್ರು" ಎಂದಳು. ನೆರೆಯಾಕೆಗೂ ನನಗೂ ಮಾತು ಹೊರಡಲಿಲ್ಲ.

"ಅಭ್ಯಾಸ ಇದೆ" ಎಂದ ಆ ಅತ್ತೆಯ ಮಾತಿಗೆ ಉತ್ತರ ಹೇಳಬೇಕು. ಲೆಕ್ಕ ನನ್ನ ವಿಷಯವಲ್ಲ, ನಾನು ಕನ್ನಡ ಮತ್ತು ಸಮಾಜ ಪಾಠ ಮಾಡುವವಳು. ಆದರೂ ಈ ಒಂದು ಲೆಕ್ಕವನ್ನು ಪ್ರತಿ ಹೆಣ್ಣುಮಗಳೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಬೇಕು. 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಆಲ್ಕೋಹಾಲ್ ಇದ್ದವನು ವಾಹನ ಓಡಿಸಿದರೆ ಅಪರಾಧ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಭಾಗ ಆಲ್ಕೋಹಾಲ್. ಕ್ವಾರ್ಟರ್ ಎಂದರೆ 180 ಮಿಲಿ, ಅದರಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್. ಅರುವತ್ತು ಕಿಲೋ ತೂಕದ ಗಂಡಸು ಅದನ್ನು ಗಬಗಬನೆ ಮುಗಿಸಿದರೆ ಅವನ ರಕ್ತದಲ್ಲಿ ಹತ್ತಿರ ಹತ್ತಿರ 150 ಮಿಲಿಗ್ರಾಂ. ಕಾನೂನಿನ ಮಿತಿಯ ಐದು ಪಟ್ಟು. ಕ್ವಾರ್ಟರ್ ಬೇಡ, ಮಕ್ಕಳು ಕುಡಿಯುವ ಮಾವಿನ ರಸದ ಪೊಟ್ಟಣದಂತೆ ಕಾಣುವ ಆ ಒಂದು ತೊಂಬತ್ತೇ ಮಿತಿಯನ್ನು ಎರಡು ಪಟ್ಟು ದಾಟಿಸುತ್ತದೆ.

ಏರಿದ್ದು ಇಳಿಯುವುದು ಹೇಗೆ? ಇಲ್ಲಿ ನಾವು ಹೆಂಗಸರು ಮನೆಮದ್ದಿನ ಪಂಡಿತರು. ನಿಂಬೆಹಣ್ಣು, ಹುಳಿ ಮಜ್ಜಿಗೆ, ಕಡು ಕಾಫಿ, ತಲೆಗೆ ನಾಲ್ಕು ಚೊಂಬು ತಣ್ಣೀರು. ಒಂದರಿಂದಲೂ ರಕ್ತದಲ್ಲಿರುವುದು ಒಂದು ಗುಂಜಿ ಕಡಿಮೆಯಾಗುವುದಿಲ್ಲ. ಕಾಫಿ ಕುಡಿಸಿದರೆ ಮಲಗಿದ್ದ ಕುಡುಕ ಎದ್ದು ಕೂತ ಕುಡುಕನಾಗುತ್ತಾನೆ, ಅಷ್ಟೇ. ಹೊಟ್ಟೆ ತುಂಬ ಮುದ್ದೆ ತಿಂದಿದ್ದರೆ ಏರುವುದು ಸ್ವಲ್ಪ ನಿಧಾನವಾದೀತು. ಇಳಿಸುವ ಕೆಲಸ ಬಹುಪಾಲು ಪಿತ್ತಜನಕಾಂಗದ್ದು. ಅದಕ್ಕೆ ಅವಸರ ತಿಳಿಯದು. ಗಂಟೆಗೆ ಸುಮಾರು 15 ಮಿಲಿಗ್ರಾಂ. ರಾತ್ರಿ ಹತ್ತಕ್ಕೆ ಒಂದು ಕ್ವಾರ್ಟರ್ ಮುಗಿಸಿ ಮಲಗಿದವನು ಬೆಳಿಗ್ಗೆ ಆರಕ್ಕೆ ಮಿತಿಯ ಅಂಚಿಗೆ ಬಂದಿರುತ್ತಾನೆ. ಎರಡು ಕ್ವಾರ್ಟರ್ ಆಗಿದ್ದರೆ ಮಾರನೆಯ ಮಧ್ಯಾಹ್ನದ ಊಟದ ಹೊತ್ತಿಗೂ ಅವನು ಕುಡಿದವನೇ. ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಮಗಳನ್ನು ಶಾಲೆಗೆ ಬಿಡಲು ಗಾಡಿ ತೆಗೆದರೂ ಕುಡಿದವನೇ. ಅಭ್ಯಾಸವಿದ್ದವನಿಗೆ ನಾಲಿಗೆ ತೊದಲದೆ ಇರಬಹುದು. ಎದುರಿಗೆ ಬಂದದ್ದನ್ನು ಕಂಡು ಬ್ರೇಕು ಒತ್ತುವ ಕಾಲು ಮಾತ್ರ ತಡವಾಗಿಯೇ ಏಳುತ್ತದೆ.

ಇಷ್ಟೆಲ್ಲ ಇದ್ದೂ ಸರ್ಕಾರದ ಲೆಕ್ಕ ನೋಡಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳು ಅತಿವೇಗದ ಖಾತೆಗೆ, ಕುಡಿತದ ಖಾತೆಗೆ ನೂರಕ್ಕೆ ಮೂರೂ ಇಲ್ಲ. ಇದನ್ನು ನಂಬುವಿರಾ? ನಾನು ನಂಬುವುದಿಲ್ಲ. ನನ್ನ ವಿದ್ಯಾರ್ಥಿನಿಯ ಮೈದುನನಂಥವರು ಊರೂರಿನ ಆಸ್ಪತ್ರೆಗಳಲ್ಲಿ ಕೈ ಮುಗಿಯುತ್ತಾರೆ, ಹಲವು ಕಡೆ ವೈದ್ಯರ ಮನಸ್ಸೂ ಕರಗುತ್ತದೆ. ಪರೀಕ್ಷೆಯನ್ನೇ ಮಾಡದಿದ್ದ ಮೇಲೆ ದಾಖಲೆ ಎಲ್ಲಿಂದ? ಠಾಣೆಯಲ್ಲಿ "ಅತಿವೇಗ ಮತ್ತು ಅಜಾಗರೂಕತೆಯಿಂದ" ಎಂಬ ಸಿದ್ಧ ವಾಕ್ಯ ಇದ್ದೇ ಇದೆ. ಕುಡಿದದ್ದಕ್ಕೇ ಅತಿವೇಗ, ಕುಡಿದದ್ದಕ್ಕೇ ಅಜಾಗರೂಕತೆ ಎಂಬುದು ಕಾಗದಕ್ಕೆ ಬರುವುದಿಲ್ಲ. ಮನೆಯ ಮಾನ ಉಳಿಸಲು ನಾವು ನುಂಗುವ ಒಂದೊಂದು ಸುಳ್ಳೂ ದಿಲ್ಲಿಯ ವರದಿಯಲ್ಲಿ ಒಂದೊಂದು ಸೊನ್ನೆಯಾಗುತ್ತದೆ.

ಕಾನೂನು ಸುಮ್ಮನಿಲ್ಲ. 2019ರ ಸೆಪ್ಟೆಂಬರ್‌ನಿಂದ ಕುಡಿದು ಓಡಿಸಿದವನಿಗೆ ಮೊದಲ ಸಲವೇ 10,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. 2006ರಲ್ಲಿ ಮುಂಬೈನ ಕಾರ್ಟರ್ ರಸ್ತೆಯಲ್ಲಿ ಕುಡಿದ ಯುವಕನೊಬ್ಬ ಫುಟ್‌ಪಾತಿನ ಮೇಲೆ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹತ್ತಿಸಿ ಏಳು ಜನರನ್ನು ಕೊಂದ. ಅದು ಬರಿಯ ಅಜಾಗರೂಕತೆಯಲ್ಲ, ಏನಾಗಬಹುದೆಂದು ತಿಳಿದೂ ಮಾಡಿದ್ದು ಎಂಬ ತೀರ್ಪನ್ನು 2012ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಶಿಕ್ಷೆ ಮೂರೇ ವರ್ಷ, ಅದು ನನಗೆ ಸಾಲದು. ಆದರೆ "ತಿಳಿದೂ" ಎಂಬ ಆ ಮಾತು ನನಗೆ ಬೇಕು. ನಮ್ಮ ಪಡಸಾಲೆಗಳಲ್ಲಿ ಆಡಬೇಕಾದ ಮಾತು ಅದು.

ಸರ್ಕಾರ ಕೊಡುವ ಕೈಯನ್ನು ಬೇರೆ ಇಟ್ಟುಕೊಂಡಿದೆ, ಹಿಡಿಯುವ ಕೈಯನ್ನು ಬೇರೆ. 2007ರ ಜುಲೈನಲ್ಲಿ ಸಾರಾಯಿ ನಿಂತಾಗ ನಾವೆಲ್ಲ ಹಿಗ್ಗಿದೆವು. ಸಾರಾಯಿಯ ಜಾಗಕ್ಕೆ ರಟ್ಟಿನ ಪೊಟ್ಟಣ ಬಂತು. ಮಕ್ಕಳಿಗೆ ನೋಟ್ ಪುಸ್ತಕ ಮಾಡಿ ಮಾರುವ ಎಂಎಸ್‌ಐಎಲ್ ಅಪ್ಪಂದಿರಿಗೆ ಮದ್ಯವನ್ನೂ ಮಾರುತ್ತದೆ. 2025–26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿಗೆ ಹಾಕಿದ ಗುರಿ 40,000 ಕೋಟಿ ರೂಪಾಯಿ. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯದಂಗಡಿ ಇರಕೂಡದೆಂದು ಆಜ್ಞೆ ಮಾಡಿತು. ಏನಾಯಿತು? ಅಂಗಡಿ ಕದಲಿಸುವ ಬದಲು ಹೆದ್ದಾರಿಯ ಹೆಸರನ್ನೇ ಬದಲಿಸಲು ಹಲವು ಸರ್ಕಾರಗಳು ಹೊರಟವು. ಕೇರಳದ ಒಂದು ಬಾರಿನವರು ಬಾಗಿಲಿಗೆ ಚಕ್ರವ್ಯೂಹದಂಥ ಸುತ್ತುದಾರಿ ಕಟ್ಟಿ ದೂರ ಹೆಚ್ಚಿಸಿಕೊಂಡರು. ಕೊನೆಗೆ 2017ರ ಜುಲೈನಲ್ಲಿ ಊರಿನ ಪುರಸಭೆ, ನಗರಸಭೆಗಳ ಎಲ್ಲೆಯೊಳಗೆ ಆ ಆಜ್ಞೆ ಅನ್ವಯಿಸದೆಂದು ಕೋರ್ಟೇ ಹೇಳಿತು. ಒಳಗೆ ಹೋಗಲು ಅಭಿಮನ್ಯುಗಳು ದಾರಿ ಕಂಡುಕೊಂಡರು, ಹೊರಗೆ ಬಂದ ಮೇಲೆ ಮನೆ ಸೇರುವುದು ಹೇಗೆಂದು ಯಾರೂ ಕೇಳಲಿಲ್ಲ.

ಈಗ ಒಂದು ಕಹಿ ಮಾತು. ಅದು ನಮ್ಮನ್ನು, ಅಂದರೆ ತಾಯಂದಿರನ್ನು ಕುರಿತದ್ದು. 2024ರ ಮೇ 19ರ ನಸುಕಿನಲ್ಲಿ ಪುಣೆಯಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ಓಡಿಸುತ್ತಿದ್ದನೆನ್ನಲಾದ ದುಬಾರಿ ಕಾರು ಬೈಕಿಗೆ ಬಡಿದು, ಅದರ ಮೇಲಿದ್ದ ಒಬ್ಬ ಹುಡುಗ, ಒಬ್ಬಳು ಹುಡುಗಿ, ಇಬ್ಬರೂ ಇಂಜಿನಿಯರುಗಳು, ಸತ್ತರು. ಹುಡುಗ ಕುಡಿದಿದ್ದನೆಂದು ಪೊಲೀಸರು ಹೇಳಿದರು. ಅದೇ ದಿನ ಸಿಕ್ಕ ಜಾಮೀನಿನ ಷರತ್ತುಗಳಲ್ಲಿ ಒಂದು, ಅಪಘಾತಗಳ ಬಗ್ಗೆ 300 ಪದಗಳ ಪ್ರಬಂಧ ಬರೆಯುವುದು! ಜನ ರೊಚ್ಚಿಗೆದ್ದ ಮೇಲೆ ಆ ಆದೇಶ ಬದಲಾಯಿತು. ವರ್ಷಗಟ್ಟಲೆ ಮಕ್ಕಳ ಪ್ರಬಂಧ ತಿದ್ದಿದವಳು ನಾನು. ಮುನ್ನೂರು ಪದವೆಂದರೆ ನೋಟ್ ಪುಸ್ತಕದಲ್ಲಿ ಎರಡು ಪುಟ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ತಲೆಗೆ ನೂರೈವತ್ತು ಪದದಂತೆ ಎರಡು ಜೀವ.

ಕಹಿ ಇದಲ್ಲ. ಆಸ್ಪತ್ರೆಯಲ್ಲಿ ಹುಡುಗನ ರಕ್ತದ ಮಾದರಿ ಬಿಸಾಡಿ ಅದರ ಜಾಗದಲ್ಲಿ ತಾಯಿಯ ರಕ್ತ ಇಟ್ಟರೆಂದು ಆರೋಪ ಬಂತು, ಜೂನ್ ಒಂದರಂದು ಆಕೆ ಬಂಧನಕ್ಕೂ ಒಳಗಾದರು. ನಿಜವೋ ಸುಳ್ಳೋ ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ ಆ ಸುದ್ದಿ ಓದಿದ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬ ಸಹೋದ್ಯೋಗಿ, "ತಾಯಿ ಕರುಳು ಕಣ್ರೀ, ಯಾರಾದ್ರೂ ಅದನ್ನೇ ಮಾಡ್ತಾರೆ" ಎಂದರು. ಮೂರು ಜನ ತಲೆಯಾಡಿಸಿದರು. ನನಗೆ ಮೈ ನಡುಗಿತು. ಸತ್ತ ಆ ಇಬ್ಬರಿಗೂ ತಾಯಂದಿರಿದ್ದರಲ್ಲ, ಅವರದು ಯಾವ ಕರುಳು?

ಇನ್ನೊಬ್ಬ ತಾಯಿಯ ವಿಷಯ ಹೇಳುತ್ತೇನೆ. 1980ರ ಮೇ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕ್ಯಾಂಡಿ ಲೈಟ್ನರ್ ಎಂಬಾಕೆಯ ಹದಿಮೂರು ವರ್ಷದ ಮಗಳನ್ನು, ಅದಕ್ಕೆ ಮೊದಲೂ ಕುಡಿದು ಓಡಿಸಿ ಸಿಕ್ಕಿಬಿದ್ದಿದ್ದ ಒಬ್ಬ ಗುದ್ದಿ ಕೊಂದ. ಆಕೆ ವಿಧಿಯೆಂದು ಕೂರಲಿಲ್ಲ. ಅದೇ ವರ್ಷ ಕುಡಿದು ಓಡಿಸುವವರ ವಿರುದ್ಧ ತಾಯಂದಿರ ಸಂಘ ಕಟ್ಟಿದಳು. ಆ ತಾಯಂದಿರು ಶಾಸಕರ ಬಾಗಿಲು ಬಡಿದರು. ಮದ್ಯ ಕೊಳ್ಳುವ ವಯಸ್ಸನ್ನು ದೇಶವಿಡೀ 21ಕ್ಕೆ ಏರಿಸುವಂತೆ ರಾಜ್ಯಗಳ ಮೇಲೆ ಒತ್ತಡ ಹಾಕುವ ಕಾನೂನು 1984ರಲ್ಲಿ ಬಂತು. ಅವರೇನೂ ಓಬವ್ವನಂತೆ ಒನಕೆ ಹಿಡಿಯಲಿಲ್ಲ. ಸತ್ತ ಮಕ್ಕಳ ಫೋಟೋ ಹಿಡಿದು ನಿಂತರು.

ಹಾಗಾದರೆ ಹೆಂಡತಿ ಬೈಕಿನ ಕೀ ಕಿತ್ತುಕೊಳ್ಳಲಿ ಎನ್ನುತ್ತೀರಾ ಎಂದು ನೀವು ಕೇಳಬಹುದು. ಇಲ್ಲ, ಅದನ್ನು ನಾನು ಹೇಳುವುದಿಲ್ಲ. ಕುಡಿದವನ ಕೈಯಿಂದ ಕೀ ಕಿತ್ತುಕೊಂಡ ಹೆಂಡತಿಗೆ ಮನೆಯಲ್ಲಿ ಏನು ಕಾದಿರುತ್ತದೆಂದು ನನಗೆ ಗೊತ್ತು, ನಿಮಗೂ ಗೊತ್ತು. ಪೊಲೀಸರ ಕೆಲಸ, ಬಾರಿನವನ ಕೆಲಸ, ಸರ್ಕಾರದ ಕೆಲಸ ಎಲ್ಲವನ್ನೂ ಅವಳೊಬ್ಬಳ ತಲೆಗೆ ಕಟ್ಟುವುದು ಅನ್ಯಾಯ. ಕೀ ಕೇಳಬೇಕಾದವರು ಊಟಕ್ಕೆ ಕರೆದವರು. ಪೆಟ್ಟಿಗೆ ಇಳಿಸಿದವರು ಅವರು, "ಇನ್ನೊಂದು ಹಾಕ್ಕೊ ಭಾವ" ಎಂದವರು ಅವರು, ಕಾಲು ಸೋತವನನ್ನು ಎತ್ತಿ ಗಾಡಿಯ ಮೇಲೆ ಕೂರಿಸಿದವರೂ ಅವರೇ. ಅದೇ ಮೋಟಾರು ವಾಹನ ಕಾಯಿದೆಯ 188ನೆಯ ಕಲಮು, ಕುಡಿದು ಓಡಿಸಲು ಕುಮ್ಮಕ್ಕು ಕೊಟ್ಟವನಿಗೂ ಓಡಿಸಿದವನಷ್ಟೇ ಶಿಕ್ಷೆ ಎನ್ನುತ್ತದೆ. ನಮ್ಮ ತಾಲ್ಲೂಕಿನಲ್ಲಿ ಒಬ್ಬ ಬೀಗನ ಮೇಲಾದರೂ ಆ ಕಲಮು ಬಿದ್ದದ್ದನ್ನು ನಾನು ಕೇಳಿಲ್ಲ. ಕೀ ಕೇಳುವ ಅಧಿಕಾರ ಅತ್ತೆಗಿದೆ, ಅಕ್ಕನಿಗಿದೆ, ಸೋದರತ್ತೆಗಿದೆ. ಊಟದ ಮನೆಯ ಹಿರಿಯ ಹೆಂಗಸು ಕೇಳಿದರೆ ಗಂಡಸು ಗೊಣಗಿಯಾನು, ಕೈಯೆತ್ತಲಾರ.

ಹೋದ ಮಾಘದಲ್ಲಿ ನಮ್ಮ ಬೀದಿಯ ಒಬ್ಬಾಕೆ ಮಗನ ಬೀಗರೂಟದಲ್ಲಿ ಇದನ್ನು ಮಾಡಿ ತೋರಿಸಿದರು. ಗುಂಡು ಬೇಡವೆಂದು ಮನೆಯಲ್ಲಿ ಹೋರಾಡಿ ಸೋತಿದ್ದರು. ಸೋತ ಮೇಲೆ, ಹಾಗಾದರೆ ಒಂದು ಪೆಟ್ಟಿಗೆ ಕಡಿಮೆ ತರಿಸಿ, ಆ ದುಡ್ಡಿನಲ್ಲಿ ಶಾಲೆಯ ಮಕ್ಕಳನ್ನು ಬಿಡುವ ಎರಡು ವ್ಯಾನು ಗೊತ್ತುಮಾಡಿ ಎಂದು ಪಟ್ಟು ಹಿಡಿದರು. ಸಂಜೆ ಶಾಮಿಯಾನದ ಬಾಯಲ್ಲಿ ತಾಂಬೂಲದ ಹರಿವಾಣ ಹಿಡಿದು ನಿಂತರು. ಒಂದು ಕೈಯಲ್ಲಿ ತೆಂಗಿನಕಾಯಿ ಕೊಡುವುದು, ಇನ್ನೊಂದು ಕೈಯನ್ನು ಕೀಗೆ ಚಾಚುವುದು. "ಏನಕ್ಕಾ, ನಮ್ಮನ್ನ ಇಸ್ಕೂಲ್ ಮಕ್ಕಳು ಮಾಡ್ಬಿಟ್ರಿ" ಎಂದು ಕೆಲವರು ನಕ್ಕು ಕೊಟ್ಟರು. ಒಬ್ಬ ಕೊಡದೆ ಬೈದು, ಬೈಕನ್ನು ತಳ್ಳಿಕೊಂಡೇ ಊರ ಬಾಗಿಲವರೆಗೆ ಹೋಗಿ, ಅಲ್ಲಿ ಸೋತು ಕೂತ. ಒಟ್ಟು ಹತ್ತೊಂಬತ್ತು ಕೀ. ಹೆಂಗಸರು ಮಕ್ಕಳು ವ್ಯಾನಿನಲ್ಲಿ ಮೊದಲು ಹತ್ತಿದರು.

ಮಾರನೆಯ ಬೆಳಿಗ್ಗೆ ಏಳಕ್ಕೇ ಅವರ ಮೈದುನ ತಲೆ ಬಾಚಿಕೊಂಡು ಬಂದು ನಿಂತ. ನಾನು ಆಗ ಅಲ್ಲೇ ಇದ್ದೆ, ಕಡ ಕೊಟ್ಟಿದ್ದ ಪಾತ್ರೆ ತರಲು ಹೋಗಿದ್ದೆ.

"ಕೀ ಕೊಡಿ ಅತ್ತಿಗೆ, ತೋಟಕ್ಕೆ ಹೋಗ್ಬೇಕು."

"ರಾತ್ರಿ ಎಷ್ಟೊತ್ತಿಗೆ ಮುಗಿಸ್ದೆ?"

"ಹತ್ತಾಗಿತ್ತು."

"ಎಷ್ಟು?"

ಅವನು ನನ್ನತ್ತ ಒಮ್ಮೆ ನೋಡಿ, ನಾಚಿ, ಎರಡು ಬೆರಳು ತೋರಿಸಿದ. ಆಕೆ ಬೆರಳು ಮಡಿಚಿ ಲೆಕ್ಕ ಹಾಕಿದರು.

"ಉಪ್ಪಿಟ್ಟು ತಿನ್ನು, ನಡ್ಕೊಂಡು ಹೋಗು. ಸಂಜೆ ನಾಲ್ಕಕ್ಕೆ ಬಂದು ತಗೊ."